ಗ್ರಾಟೋ ಗುಡ್ಡ ಹತ್ತಿದ ದಿನ

ಶನಿವಾರ, 18 ಜನವರಿ 2025
ಪಾಂಟಿಪೂಲ್, ವೇಲ್ಸ್

ಬೆಳಿಗ್ಗೆ ನ್ಯೂಪೋರ್ಟ್‌ನಿಂದ ಬಸ್ ಹತ್ತಿ ಇಲ್ಲಿಗೆ ಬಂದೆ. ಇವತ್ತೇ ಬರಬೇಕು ಅಂತ ತಿಂಗಳಿಂದ ಅಂದುಕೊಂಡಿದ್ದೆ. 1975ರ ಜನವರಿ 18 ಕೂಡ ಶನಿವಾರವೇ. ಅವತ್ತು ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ಪಾಂಟಿಪೂಲ್ ಕ್ಲಬ್ಬಿನ ಗ್ರಹಾಂ ಪ್ರೈಸ್ ವೇಲ್ಸ್ ರಗ್ಬಿ ತಂಡದ ಪರ ಮೊದಲ ಸಲ ಆಡಿದರು. ವಯಸ್ಸು 23. ತಂಡದಲ್ಲಿ ಆರು ಜನ ಹೊಸಬರು.

ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್‌ನವರ ಕೈಯಿಂದ ಚೆಂಡು ಜಾರಿತು. ವೇಲ್ಸ್‌ನವರು ಅದನ್ನು ಮುಂದಕ್ಕೆ ಒದ್ದರು. ಪ್ರೈಸ್ ಅದರ ಹಿಂದೆ ಬಿದ್ದರು. ಹೆಚ್ಚು ಕಡಿಮೆ ಇಡೀ ಮೈದಾನದ ದೂರ! ಜೊತೆಗೆ ಓಡುತ್ತಿದ್ದವರು ಜೆ.ಜೆ. ವಿಲಿಯಮ್ಸ್. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಓಡಿದ್ದ ಆಸಾಮಿ ಅವರು. ಕೊನೆಗೆ ಚೆಂಡು ಪುಟಿದು ಬಂದು ಸೇರಿದ್ದು ಪ್ರೈಸ್ ಕೈಗೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸಿದರು. ಟ್ರೈ! ವೇಲ್ಸ್ 25, ಫ್ರಾನ್ಸ್ 10.

ಪ್ರೈಸ್ ಟೈಟ್‌ಹೆಡ್ ಪ್ರಾಪ್. ಸ್ಕ್ರಮ್ ಅಂದರೆ ಎರಡೂ ತಂಡದ ಎಂಟೆಂಟು ಜನ ಬಾಗಿ, ಭುಜ ಕೊಟ್ಟು ಪರಸ್ಪರ ನೂಕುವುದು; ಅದರ ಮುಂದಿನ ಸಾಲಿನ ಬಲಗಡೆ ಮೂಲೆಯವರು. ಅವರ ತಲೆ ಎದುರಾಳಿ ಸಾಲಿನ ಮಧ್ಯದಲ್ಲಿರುವ ಹೂಕರ್‌ಗೂ ಪಕ್ಕದ ಪ್ರಾಪ್‌ಗೂ ನಡುವೆ ಹೋಗುತ್ತದೆ, ಹಾಗಾಗಿ ಎರಡೂ ಭುಜದ ಮೇಲೆ ಭಾರ. ಹಿಂದಿನಿಂದ ಸ್ವಂತ ತಂಡದವರ ನೂಕು ಬೇರೆ. ಬೆನ್ನು ಸ್ವಲ್ಪ ಬಾಗಿದರೂ ಸ್ಕ್ರಮ್ ಕುಸಿಯಿತು ಅಂತಲೇ ಲೆಕ್ಕ. 80 ನಿಮಿಷ ಇಂಥ ಕೆಲಸ ಮಾಡಿದ ಕಾಲುಗಳು ಕೊನೆಯಲ್ಲಿ ಹಾಗೆ ಓಡಿದ್ದು ಹೇಗೆ?

ಉತ್ತರ ಈ ಗುಡ್ಡದಲ್ಲಿದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಪಾಂಟಿಪೂಲ್ ಪಾರ್ಕ್‌ನ ಮೈದಾನದ ಮೇಲೆ ದಿಬ್ಬದ ತುದಿಯಲ್ಲಿ ಗ್ರಾಟೋ ಅಂತ ಒಂದು ಹಳೆಯ ಕಲ್ಲಿನ ಮನೆಯಿದೆ. ಒಳಗೆಲ್ಲಾ ಚಿಪ್ಪಿನ ಅಲಂಕಾರ. ಪಾಂಟಿಪೂಲ್ ಕ್ಲಬ್ಬಿನ ಕೋಚ್ ರೇ ಪ್ರಾಸರ್ ಆಟಗಾರರನ್ನು ಅಲ್ಲಿಯವರೆಗೆ ಓಡಿಸುತ್ತಿದ್ದರು. ಇವತ್ತು ನಾನು ನಡೆದೇ ಹತ್ತಿದೆ. ಹುಲ್ಲು ಒದ್ದೆ, ಅಡಿಯಲ್ಲಿ ಕೆಸರು. ಅರ್ಧ ದಾರಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ನಿಂತೆ. ಮೀನಖಂಡ ಉರಿಯುತ್ತಿತ್ತು. ಇದನ್ನು ಚಳಿಗಾಲದಲ್ಲಿ, ದಿನದ ಕೆಲಸ ಮುಗಿಸಿ ಬಂದು ಓಡುತ್ತಿದ್ದರಲ್ವಾ! ಆಗ ಈ ಆಟಕ್ಕೆ ಸಂಬಳವೇ ಇರಲಿಲ್ಲ.

ಪ್ರೈಸ್ ಪಕ್ಕದಲ್ಲಿ ಹೂಕರ್ ಬಾಬಿ ವಿಂಡ್ಸರ್, ಆಚೆ ಕಡೆ ಚಾರ್ಲಿ ಫಾಕ್ನರ್. ಮೂವರೂ ಇದೇ ಕ್ಲಬ್ಬಿನವರು. ಮೂವತ್ತು ದಾಟಿದ ಮೇಲೆ ಫಾಕ್ನರ್ ವೇಲ್ಸ್ ಪರ ಮೊದಲು ಆಡಿದ್ದೂ ಅದೇ ಪ್ಯಾರಿಸ್ ಪಂದ್ಯದಲ್ಲೇ. 1976 ಮತ್ತು 1978ರಲ್ಲಿ ವೇಲ್ಸ್ ಐದು ದೇಶಗಳ ಟೂರ್ನಿಯ ಎಲ್ಲ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲಾಮ್ ಪಡೆದಾಗ ಈ ಊರಿನ ಹೆಸರು ಎಲ್ಲರ ಬಾಯಲ್ಲಿತ್ತು.

ಪ್ರೈಸ್ ವೇಲ್ಸ್‌ಗೆ 41 ಪಂದ್ಯ ಆಡಿದರು. ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು ಬ್ರಿಟನ್ ಮತ್ತು ಐರ್ಲೆಂಡಿನ ಜಂಟಿ ತಂಡವಾದ ಲಯನ್ಸ್‌ನ ಲೆಕ್ಕ. 1977, 1980, 1983ರ ಮೂರು ಪ್ರವಾಸ, ಒಂದೊಂದರಲ್ಲೂ ಆ ದೇಶದ ತಂಡದ ಎದುರು ನಾಲ್ಕು ಟೆಸ್ಟ್ ಪಂದ್ಯ. ಹನ್ನೆರಡರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ನಡುವೆ 1978ರಲ್ಲಿ ಸಿಡ್ನಿಯಲ್ಲಿ ಒಂದೇ ಗುದ್ದಿಗೆ ದವಡೆ ಮುರಿದಿತ್ತು. ಆಮೇಲೂ ಬಂದು ಅದೇ ಸ್ಕ್ರಮ್‌ನಲ್ಲಿ ತಲೆಯಿಟ್ಟರು. ಟ್ರೈ ಎಲ್ಲರೂ ನೆನೆಯುತ್ತಾರೆ. ಈ ಹನ್ನೆರಡನ್ನೂ ಅಷ್ಟೇ ನೆನೆಯಬೇಕು.

ಗ್ರಾಟೋ ಬಾಗಿಲಿಗೆ ಬೀಗ ಇತ್ತು. ಗೋಡೆಗೆ ಒರಗಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಮೈದಾನ ಅಂಗೈಯಷ್ಟು ಕಾಣುತ್ತಿದೆ. ಬಸ್ಸಿಗೆ ಇನ್ನೂ ಹೊತ್ತಿದೆ. ಇಳಿದು, ಇನ್ನೊಂದು ಸಲ ನಿಲ್ಲದೆ ಹತ್ತಿ ನೋಡುತ್ತೇನೆ.