ಎಕ್ಸ್‌ಎ13 ಒಂದು ಕಡೆಯಿಂದ ಬಂದರೆ ಸಾಲದು

ಪುಣೆಯ ಒಂದು ಬೀಜದ ಕಂಪನಿಯಲ್ಲಿ ನನ್ನದು ಮಾರ್ಕರ್ ಲ್ಯಾಬ್ ಕೆಲಸ, ಅಂದರೆ ಗಿಡದ ಡಿಎನ್‌ಎ ನೋಡಿ ಬೇಕಾದ ಜೀನ್ ಇದೆಯಾ ಅಂತ ಹೇಳೋದು. ಕಳೆದ ಮಳೆಗಾಲದ ಆ ಸ್ಕೋರಿಂಗ್ (ಎಲೆಯಲ್ಲಿ ರೋಗ ಎಷ್ಟು ಹಬ್ಬಿದೆ ಅಂತ ಅಳೆಯೋದು) ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೊಸ ಹೈಬ್ರಿಡ್ ಭತ್ತದಲ್ಲಿ ಎಕ್ಸ್‌ಎ13 ಅನ್ನೋ ರೋಗ ತಡೆಯುವ ಜೀನ್ ಇದೆ, ಬ್ಯಾಕ್ಟೀರಿಯಾದಿಂದ ಬರುವ ಎಲೆ ಅಂಗಮಾರಿ ರೋಗ ಬರಲ್ಲ ಅಂತ ಸೇಲ್ಸ್‌ನವರು ಆಗಲೇ ಸ್ಲೈಡ್ ಮಾಡಿಟ್ಟಿದ್ದರು. ಬ್ಯಾಕ್ಟೀರಿಯಾದಲ್ಲಿ ಅದ್ದಿದ ಕತ್ತರಿಯಿಂದ ಎಲೆ ತುದಿ ಕತ್ತರಿಸಿ (ಕ್ಲಿಪ್ಪಿಂಗ್) 14 ದಿನ ಆಗಿತ್ತು. ಬಾಸ್ ಸ್ಕೇಲ್ ಹಿಡಿದು ಎಫ್1, ಅಂದರೆ ಆ ಹೈಬ್ರಿಡ್‌ನ, ಸಾಲಿನ ಮುಂದೆ ನಿಂತರು. ಕತ್ತರಿಸಿದ ತುದಿಯಿಂದ ಹಳದಿ ಪಟ್ಟಿ ಎಲೆಯ ಅಂಚು ಹಿಡಿದು ಅಂಕುಡೊಂಕಾಗಿ ಕೆಳಗಿಳಿದಿತ್ತು. ಮೇಲ್ಭಾಗ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಂದು ಎಲೆ, ಇನ್ನೊಂದು, ಮತ್ತೊಂದು, ಎಲ್ಲಾ ಹಾಗೇ. ಯಾರೂ ಮಾತಾಡಲಿಲ್ಲ. ಕೊನೆಗೆ ಕಲಬುರಗಿ ಕಡೆಯ ನಮ್ಮ ಹೆಲ್ಪರ್ ನನಗಷ್ಟೇ ಕೇಳುವಂತೆ, "ಮೇಡಂ, ಇದೂ ಟಿಎನ್1 ಗತೆನೇ ಆಗ್ಯಾದಲ್ರಿ" ಅಂದ. ಟಿಎನ್1 ಅಂದರೆ ಹೋಲಿಕೆಗೆ ಅಂತ ಹಾಕುವ, ರೋಗ ಸುಲಭವಾಗಿ ಹಿಡಿಯುವ ತಳಿ.

ಬಾಸ್ ನನ್ನ ಕಡೆ ತಿರುಗಿದರು. "ರಿಪೋರ್ಟ್‌ನಲ್ಲಿ ಪಾಸಿಟಿವ್ ಅಂತಿತ್ತಲ್ಲ?"

ಇತ್ತು. ನಮ್ಮ ಸಾಫ್ಟ್‌ವೇರ್‌ನಲ್ಲಿ ಇರೋದೇ ಪಾಸಿಟಿವ್, ನೆಗೆಟಿವ್ ಅಂತ ಎರಡು ಆಯ್ಕೆ. ಹೆಟ್, ಅಂದರೆ ಜೀನಿನ ಎರಡು ಕಾಪಿಯಲ್ಲಿ ಒಂದು ಮಾತ್ರ ಎಕ್ಸ್‌ಎ13, ಅಂತ ಬರೆಯೋಕೆ ಜಾಗವೇ ಇಲ್ಲ. ಎರಡು ಬಗೆಯ ಕಾಪಿಗೂ ಒಂದೊಂದು ಗೆರೆ (ಬ್ಯಾಂಡ್) ಕಾಣುವ ಡಿಎನ್‌ಎ ಜೆಲ್ ಫೋಟೋ ಜೊತೆಗೆ ಹಾಕಿದ್ದೆ, ನೋಡಬೇಕಾದವರು ನೋಡುತ್ತಾರೆ ಅಂದುಕೊಂಡಿದ್ದೆ. ಯಾರೂ ಅದನ್ನು ತೆರೆದಿರಲಿಲ್ಲ.

ಜೀನ್ ಇದ್ದೂ ರೋಗ ಯಾಕೆ ಬಂತು ಅಂತ ಅಲ್ಲೇ ನಿಂತು ಹೇಳಬೇಕಾಯಿತು. ಈ ಬ್ಯಾಕ್ಟೀರಿಯಾ, ಕ್ಸಾಂಥೊಮೊನಾಸ್ ಒರೈಜೆ, ಭತ್ತದ ಕೋಶದೊಳಗೆ ತನ್ನ ಪ್ರೋಟೀನುಗಳನ್ನು ತಳ್ಳುತ್ತದೆ. ಅದರಲ್ಲಿ ಪಿಟಿಎಚ್‌ಎಕ್ಸ್‌ಒ1 ಅನ್ನೋದು ನೇರ ನ್ಯೂಕ್ಲಿಯಸ್‌ಗೆ ಹೋಗಿ ಭತ್ತದ ಸ್ವೀಟ್11 ಜೀನಿನ ಪ್ರಮೋಟರ್ (ಜೀನಿನ ಸ್ವಿಚ್ ಇದ್ದ ಹಾಗೆ) ಮೇಲೆ ಕೂರುತ್ತದೆ. ಜೀನ್ ಆನ್ ಆಗುತ್ತದೆ, ಸಕ್ಕರೆ ಕೋಶದಿಂದ ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾ ತಿಂದು ಬೆಳೆಯುತ್ತದೆ. ಕಳ್ಳ ಬಂದು ನಮ್ಮ ಮನೆ ನಲ್ಲಿ ತಿರುಗಿಸಿದ ಹಾಗೆ. ಎಕ್ಸ್‌ಎ13 ಬೇರೆ ಜೀನ್ ಅಲ್ಲ, ಇದೇ ಸ್ವೀಟ್11. ಪ್ರಮೋಟರ್ ಮಾತ್ರ ಬದಲಾಗಿದೆ, ಹಾಗಾಗಿ ಆ ಪ್ರೋಟೀನ್‌ಗೆ ಕೂರಲು ಜಾಗ ಸಿಗುವುದಿಲ್ಲ. ಎಫ್1ನಲ್ಲಿ ಒಂದು ಕಾಪಿ ಹೀಗೆ ಬದಲಾದದ್ದು, ಇನ್ನೊಂದು ಮಾಮೂಲಿ. ಬ್ಯಾಕ್ಟೀರಿಯಾಗೆ ಆ ಮಾಮೂಲಿ ಕಾಪಿ ಒಂದೇ ಸಾಕು.

ಹಿಂದಿನ ಪ್ರಾಜೆಕ್ಟ್‌ನಲ್ಲಿ ಎಕ್ಸ್‌ಎ21 ಅನ್ನೋ ಇನ್ನೊಂದು ಜೀನ್ ಇತ್ತು. ಅದು ಕೋಶದ ಮೇಲೆ ಕೂತು ಬ್ಯಾಕ್ಟೀರಿಯಾವನ್ನು ಗುರುತು ಹಿಡಿಯುವ ರಿಸೆಪ್ಟರ್, ಡಾಮಿನೆಂಟ್, ಅಪ್ಪ ಅಮ್ಮನಲ್ಲಿ ಒಂದು ಕಡೆಯಿಂದ ಬಂದರೂ ನಡೆಯುತ್ತದೆ. ಅದೇ ಪ್ಲಾನ್ ಇಲ್ಲಿಗೂ ಎತ್ತಿಟ್ಟರು, ಖರ್ಚು ಉಳಿಯುತ್ತೆ ಅಂತ ಹೈಬ್ರಿಡ್‌ನ ಗಂಡು ಪೋಷಕ ಸಾಲಿಗೆ ಮಾತ್ರ ಜೀನ್ ತಂದರು. 2008ರಲ್ಲಿ ಬಂದ ಇಂಪ್ರೂವ್ಡ್ ಸಾಂಬಾ ಮಹಸೂರಿ ತಳಿಯಲ್ಲೂ ಎಕ್ಸ್‌ಎ13 ಇದೆಯಲ್ಲ ಅಂದರು ಒಬ್ಬರು. ಇದೆ, ಜೊತೆಗೆ ಎಕ್ಸ್‌ಎ21, ಎಕ್ಸ್‌ಎ5 ಕೂಡ ಇವೆ. ಆದರೆ ಅದು ಹೈಬ್ರಿಡ್ ಅಲ್ವಲ್ಲ, ಅದರಲ್ಲಿ ಎರಡು ಕಾಪಿಯೂ ಬದಲಾದದ್ದೇ! ಹೈಬ್ರಿಡ್‌ನಲ್ಲಿ ಎಕ್ಸ್‌ಎ13 ಕೆಲಸ ಮಾಡಬೇಕೆಂದರೆ ಹೆಣ್ಣು ಸಾಲಿಗೂ ಹಾಕಲೇಬೇಕು. ಪ್ಲಾನ್ ನಿರ್ಧರಿಸಿದ ಮೀಟಿಂಗ್‌ಗೆ ಲ್ಯಾಬಿನವರನ್ನು ಕರೆದೇ ಇರಲಿಲ್ಲ.

ನಮ್ಮೂರು ಗಂಗಾವತಿ ಕಡೆ. ಗಾಳಿ ಮಳೆ ಹೊಡೆದ ಮೇಲೆ ಈ ರೋಗ ಗದ್ದೆ ಹಿಡಿಯುವುದನ್ನು ಕಣ್ಣಾರೆ ಕಂಡವಳು ನಾನು. ಆ ಸ್ಲೈಡ್ ನಂಬಿ ಯಾರಾದರೂ ಬೀಜ ಬಿತ್ತಿದ್ದರೆ ಅವರ ಗತಿ ಏನಾಗುತ್ತಿತ್ತು?

ಈಗ ಹೆಟ್ ಬಂದರೆ ಮೇಲ್‌ನ ಸಬ್ಜೆಕ್ಟ್‌ನಲ್ಲೇ ಬರೆಯುತ್ತೇನೆ, ಬ್ರೀಡರ್‌ಗೆ ಫೋನೂ ಮಾಡುತ್ತೇನೆ. ಮೂರನೇ ಆಯ್ಕೆ ಸೇರಿಸಿ ಅಂತ ಐಟಿಯವರಿಗೆ ಕೊಟ್ಟ ಟಿಕೆಟ್ ಇನ್ನೂ ಓಪನ್ ಇದೆ.