ಸಾಯೋಕೆ ಹತ್ತು ಸೆಕೆಂಡ್ ಮುಂಚೆ

"ಚಿಕ್ಕಿ, ಸಾಯೋಕೆ ಹತ್ತು ಸೆಕೆಂಡ್ ಮುಂಚೆ ಎಲ್ಲಿ ನೋಡ್ತಿದ್ದೆ?"

ಈ ವಾರ ಈ ಪ್ರಶ್ನೆಯನ್ನು ಕಡಿಮೆ ಅಂದರೂ ಐವತ್ತು ಸಲ ಕೇಳಿಸಿಕೊಂಡಿದ್ದೇನೆ. ಕೇಳಿದವನು ಅಕ್ಕನ ಮಗ. ಇಪ್ಪತ್ತು ವರ್ಷ ಆಯಿತು, ಗಡ್ಡ ಬಂದಿದೆ, ನಮಗೆ ಮಾತ್ರ ಇನ್ನೂ ಪುಟ್ಟನೇ. ಸತ್ತವಳು ನಾನು. ಡೋಟಾ 2 ಅನ್ನೋ ಕಂಪ್ಯೂಟರ್ ಆಟದಲ್ಲಿ, ಮೊದಲ ಮ್ಯಾಚಿನಲ್ಲೇ ಹದಿನಾಲ್ಕು ಸಲ.

ರಾತ್ರಿ ಹನ್ನೊಂದಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು "ಬ್ಯಾಕ್ ಬ್ಯಾಕ್ ಬ್ಯಾಕ್" ಅಂತ ಕೂಗುತ್ತಾನಲ್ಲ, ಅದೇನು ನೋಡಿಯೇ ಬಿಡೋಣ ಅಂತ ಪಕ್ಕದಲ್ಲಿ ಕೂತಿದ್ದೆ. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ಆ ಕಡೆ ಐದು ಜನ, ಈ ಕಡೆ ಐದು ಜನ. ನಡುವೆ ಮೂರು ದಾರಿ, ದಾರಿಯುದ್ದಕ್ಕೂ ಕಾವಲಿಗೆ ಟವರುಗಳು, ಒಂದೊಂದು ತುದಿಗೂ ಏನ್ಶಿಯೆಂಟ್ ಅನ್ನೋ ದೊಡ್ಡ ಕಟ್ಟಡ. ಅವರದನ್ನು ಕೆಡವಿದರೆ ನಾವು ಗೆದ್ದೆವು. ಹೇಳೋಕೆ ಇಷ್ಟೇ. ನೂರಿಪ್ಪತ್ತಕ್ಕೂ ಜಾಸ್ತಿ ಹೀರೋಗಳಲ್ಲಿ ಪುಟ್ಟ ನನಗೆ ಆರಿಸಿಕೊಟ್ಟದ್ದು ಕ್ರಿಸ್ಟಲ್ ಮೇಡನ್. ಮಂಜಿನ ಮಂತ್ರ ಹಾಕೋ ಹುಡುಗಿ. ನಾಲ್ಕು ಏಟು ಬಿದ್ದರೆ ಮುಗೀತು, ನಡಿಗೆಯೂ ನಿಧಾನ. "ಇವಳಿಗೂ ಮಂಡಿ ನೋವಾ?" ಅಂದೆ. ಅವನು ನಗಲಿಲ್ಲ. ಆಟದ ವಿಷಯದಲ್ಲಿ ಈ ಹುಡುಗ ಪೂಜೆಗೆ ಕೂತ ಭಟ್ಟರಷ್ಟು ಗಂಭೀರ.

ಮೊದಲ ಪಾಠ, ಕೈ ಕಟ್ಟಿಕೊಂಡು ಇರೋದು. 30 ಸೆಕೆಂಡಿಗೊಮ್ಮೆ ಎರಡೂ ಕಡೆಯಿಂದ ಕ್ರೀಪುಗಳು, ತಾವಾಗೇ ನಡೆಯೋ ಪುಟ್ಟ ಕಾಲಾಳುಗಳು, ಸಾಲಾಗಿ ಬರುತ್ತವೆ. ನಾನು ಕಂಡದ್ದಕ್ಕೆಲ್ಲ ಹೊಡೆದೆ. ಚಿನ್ನ ಸಿಗೋದು ಕೊನೇ ಏಟು ಹಾಕಿದವರಿಗೆ ಮಾತ್ರವಂತೆ. ಅದಕ್ಕೆ ಮುಂಚಿನ ಏಟೆಲ್ಲ ಧರ್ಮದ ಏಟು. ಸಾಲದ್ದಕ್ಕೆ, ಅವರ ಕ್ರೀಪುಗಳು ಬೇಗ ಸತ್ತಷ್ಟೂ ನಮ್ಮ ಸಾಲು ಮುಂದೆ ಹೋಗುತ್ತದೆ. ಅದರ ಬೆನ್ನಿಗೆ ನಾನೂ ಹೋಗುತ್ತೇನೆ. ನಮ್ಮ ಟವರು ಎಲ್ಲೋ ಹಿಂದೆ ಉಳಿಯಿತು, ಅವರ ಟವರು ತಲೆಯ ಮೇಲೆ. ಆ ಕೊನೇ ಏಟಾದರೂ ನನಗಾ? ಅದೂ ಇಲ್ಲ. ನಾನು ಸಪೋರ್ಟ್, ಅಂದರೆ ತಂಡದ ಸಹಾಯಕಿ. ಜೊತೆಗಿದ್ದು ಚಿನ್ನ ಕೂಡಿಸಿ ಬಲಿಯೋ ಕ್ಯಾರಿಗೆ ಬಿಡಬೇಕು. ಮನೆಯಲ್ಲೂ ನನ್ನ ಪಾಡು ಅದೇ, ಇರಲಿ ಬಿಡಿ.

"ಯಾಕೆ ಸತ್ತೆ?"

"ಟವರು ಹೊಡೀತು."

"ಅದಕ್ಕೆ ಮುಂಚೆ ಏನ್ ಮಾಡ್ದೆ?"

ಆಮೇಲೆ ಹೊಳೆಯಿತು. ಟವರು ತನ್ನ ಪಾಡಿಗೆ ನಮ್ಮ ಕ್ರೀಪುಗಳನ್ನು ಹೊಡೆಯುತ್ತಿತ್ತು. ಅದರ ಕೈಗೆಟುಕುವಲ್ಲಿ ನಿಂತು ಅವರ ಹೀರೋಗೆ ಒಂದು ಏಟು ಹಾಕಿದೆ ನೋಡಿ, ತಕ್ಷಣ ನನ್ನ ಕಡೆ ತಿರುಗಿತು. ಹಾಗೆ ತಿರುಗಿದಾಗ ನಮ್ಮದೇ ಕ್ರೀಪಿನ ಮೇಲೆ ಅಟ್ಯಾಕ್ ಕ್ಲಿಕ್ ಮಾಡಿದರೆ ನನ್ನನ್ನು ಬಿಟ್ಟು ಬೇರೆಯವರನ್ನು ಹಿಡಿಯುತ್ತದಂತೆ. "ಮೊದಲೇ ಹೇಳೋಕೇನಾಗಿತ್ತು ನಿಂಗೆ?" ಅಂದೆ. "ಹೇಳಿದ್ರೆ ಮರೀತಿದ್ದೆ," ಅಂದ.

ಆಟ 2013ರದ್ದು, ವಾಲ್ವ್ ಕಂಪನಿಯದು. ಅದರ ಬೇರು ಇನ್ನೂ ಹಳೇದು, ವಾರ್‌ಕ್ರಾಫ್ಟ್ 3 ಆಡುತ್ತಿದ್ದವರೇ ಕೂತು ಮಾಡಿಕೊಂಡ ಒಂದು ಮ್ಯಾಪು. ಆಟ ಪೂರ್ತಿ ಬಿಡುಗಡೆಯಾಗೋ ಮುಂಚೆಯೇ, 2011ರಲ್ಲಿ, ಇದರ ಮೊದಲ ದೊಡ್ಡ ಟೂರ್ನಮೆಂಟ್ ಆದಾಗ ಗೆದ್ದ ತಂಡಕ್ಕೆ 10 ಲಕ್ಷ ಡಾಲರ್ ಕೊಟ್ಟರಂತೆ. ಇದನ್ನು ಭಾವನಿಗೆ ಹೇಳಿದೆ. "ಆ ದುಡ್ಡು ಇವನಿಗೆ ಬಂತಾ?" ಅಂದರು. ತಾವು ಟೀವಿ ಮುಂದೆ ಮೂರು ಗಂಟೆ ಕೂತರೆ ವಿಶ್ರಾಂತಿ, ಮಗ ಒಂದು ಗಂಟೆ ಕೂತರೆ ಹಾಳಾದ. ಭಾವ ಒಳ್ಳೆಯವರೇ, ತೂಗೋ ತಕ್ಕಡಿ ಮಾತ್ರ ಸ್ವಲ್ಪ ಓರೆ.

ಆರನೇ ಸಾವೋ ಏಳನೆಯದೋ, ಅದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಕ್ರೀಪಿನ ಜೀವ ಇಳಿಯೋದನ್ನೇ ನೋಡುತ್ತಾ ನಿಂತಿದ್ದೆ. ಮರಗಳ ಹಿಂದಿನಿಂದ ಇಬ್ಬರು ಬಂದರು. ಮೌಸ್ ಅಲ್ಲಾಡಿಸೋದರೊಳಗೆ ಪರದೆ ಬೂದಿ ಬಣ್ಣ.

"ಹತ್ತು ಸೆಕೆಂಡ್ ಮುಂಚೆ ಎಲ್ಲಿ ನೋಡ್ತಿದ್ದೆ?"

"ಕ್ರೀಪ್ ನೋಡ್ತಿದ್ದೆ."

ಅವನು ಮಾತಾಡದೆ ಎಡಗಡೆ ಕೆಳಮೂಲೆಯ ಪುಟ್ಟ ಮ್ಯಾಪಿನ ಮೇಲೆ ಬೆರಳಿಟ್ಟ. ನಡುದಾರಿಯಲ್ಲಿ ಇದ್ದವನು ಅಲ್ಲಿಲ್ಲ. ಮೇಲಿನ ದಾರಿಯಲ್ಲಿ ಇದ್ದವಳೂ ಇಲ್ಲ. ಕಾಣದೆ ಹೋದವರು ಎಲ್ಲೋ ಹೊರಟಿದ್ದಾರೆ ಅಂತಲೇ ಅರ್ಥ. ಒಂದು ಕ್ರೀಪು ನೋಡಿದರೆ ಒಂದು ಸಲ ಮ್ಯಾಪು ನೋಡು ಅಂದ. ವಾರ್ಡ್ ಇಡು ಅಂದ. ಅಬ್ಸರ್ವರ್ ವಾರ್ಡಿಗೆ ಚಿನ್ನ ಕೊಡಬೇಕಿಲ್ಲ, 6 ನಿಮಿಷ ನಮ್ಮ ಪರವಾಗಿ ಕಣ್ಣು ಬಿಟ್ಟುಕೊಂಡು ಇರುತ್ತದೆ. ದಿಣ್ಣೆಯ ಮೇಲೆ ಇಟ್ಟರೆ ಒಳ್ಳೇದು. ಮೇಲೆ ನಿಂತವರಿಗೆ ಕೆಳಗಿನದು ಕಾಣುತ್ತದೆ, ಕೆಳಗಿರೋರಿಗೆ ಮೇಲಿನದು ಕಾಣೋದಿಲ್ಲ. ಇದ್ದಲ್ಲಿಂದ ನಮ್ಮ ಟವರಿನ ಹತ್ತಿರಕ್ಕೆ ಸಾಗಿಸೋ ಟಿಪಿ ಸ್ಕ್ರೋಲ್ ಒಂದು ಸದಾ ಇಟ್ಟುಕೊಂಡಿರು, ಅದರ 100 ಚಿನ್ನದಲ್ಲಿ ಜಿಪುಣತನ ಬೇಡ ಅಂತಲೂ ಹೇಳಿದ. ನಾನು ನಡಿಗೆ ಚುರುಕಾಗಿಸೋ ಬೂಟ್ಸಿಗೆ ಅಂತ ಕೂಡಿಡುತ್ತಿದ್ದೆ. ಸತ್ತಾಗ ಅದರಲ್ಲೂ ಒಂದಿಷ್ಟು ಹೋಯಿತು, ಕೊಂದವನ ಜೇಬೂ ತುಂಬಿತು.

ನಮ್ಮ ತಂಡದಲ್ಲೇ ಒಬ್ಬ ನನಗೆ ಬರೆದದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಪುಟ್ಟ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಅವನನ್ನು ಮ್ಯೂಟ್ ಮಾಡಿದ. ಇದನ್ನೂ ಕಲಿತುಕೋ, ಇದು ಎಲ್ಲದಕ್ಕಿಂತ ಮುಖ್ಯ ಅಂದ. ಮ್ಯಾಚ್ ಮುಗಿದು ಪಟ್ಟಿ ನೋಡಿದರೆ ಆ ಮಹಾರಾಯ ಸತ್ತದ್ದು ಹನ್ನೆರಡು ಸಲ.

ಹದಿನಾಲ್ಕು ಸಲ ಸತ್ತವಳಿಗೆ ಪುಟ್ಟ ಒಮ್ಮೆಯೂ ದನಿ ಏರಿಸಲಿಲ್ಲ. ರಾತ್ರಿ ಮಲಗಿದಾಗ ಅದೇ ಕೊರೆಯೋಕೆ ಶುರುವಾಯಿತು. ಇವನಿಗೆ ಮಗ್ಗಿ ಹೇಳಿಕೊಟ್ಟವಳು ನಾನು. ಏಳೆಂಟ್ಲಿ ಅಂದರೆ ಐವತ್ನಾಲ್ಕು ಅನ್ನುತ್ತಿದ್ದ. "ಎಷ್ಟು ಸಲ ಹೇಳಬೇಕು ನಿಂಗೆ?" ಅನ್ನುತ್ತಿದ್ದೆ ನಾನು. ಅದೇನು ಪ್ರಶ್ನೆಯಾ? ಅದಕ್ಕೆ ಉತ್ತರವಾದರೂ ಏನು, ಹದಿನೇಳು ಸಲ ಅನ್ನಬೇಕಾ ಮಗು? ತಪ್ಪು ಹೇಳೋಕೆ ಹತ್ತು ಸೆಕೆಂಡ್ ಮುಂಚೆ ಅವನು ಎಲ್ಲಿ ನೋಡುತ್ತಿದ್ದ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ಕೈಯಲ್ಲಿದ್ದ ಸ್ಕೇಲು ನೋಡುತ್ತಿದ್ದ.

ಬೆಳಗ್ಗೆ ತಡೆಯಲಾರದೆ ಕೇಳಿದೆ, ನೆನಪಿದೆಯಾ ಅಂತ.

"ಹಸಿರು ಸ್ಕೇಲ್ ಅಲ್ವಾ? ಮುರಿದಾಗ ಟೇಪ್ ಸುತ್ತಿದ್ದೆ ನೀನು," ಅಂದು ಹಲ್ಲುಜ್ಜೋಕೆ ಹೋದ.

ಟೇಪ್ ಸುತ್ತಿದ್ದು ನನಗೆ ಮರೆತೇಹೋಗಿತ್ತು.

ಶುಕ್ರವಾರದ ಮ್ಯಾಚಿನಲ್ಲಿ ನಾನು ಸತ್ತದ್ದು ಐದೇ ಸಲ. ಸೋತೆವು. ಬೇಸರದಲ್ಲಿ ಎದ್ದು ಹೊರಟವಳನ್ನು ಪುಟ್ಟ ತಡೆದು ರೀಪ್ಲೇ ಹಾಕಿದ. ಇದರಲ್ಲಿ ಎದುರಾಳಿಗಳ ಕಡೆಯಿಂದಲೂ ಆಟ ನೋಡಬಹುದು. ಹನ್ನೆರಡನೇ ನಿಮಿಷಕ್ಕೆ ಹೋಗಿ ನಿಲ್ಲಿಸಿದ. ಅವರ ಮೂವರು ನಮ್ಮ ಕಣ್ಣಿಗೆ ಬೀಳದ ಹಾಗೆ ಮಾಡೋ ಸ್ಮೋಕ್ ಹಾಕಿಕೊಂಡು ಕಾಡಿನೊಳಗೆ ಬರುತ್ತಿದ್ದಾರೆ. ದಾರಿ ಪಕ್ಕದ ಮರಗಳ ಹಿಂದೆ ನಿಂತರು. ಎದುರಿಗೆ ಕ್ರೀಪುಗಳು ಮಾತ್ರ. ಇನ್ನೂ ಸ್ವಲ್ಪ ನಿಂತರು. ಒಬ್ಬ ಅತ್ತ ಇತ್ತ ಓಡಾಡಿದ. ಆಮೇಲೆ ಮೂವರೂ ಬಂದ ದಾರಿಯಲ್ಲೇ ವಾಪಸ್. ನಾನು ಅಷ್ಟು ಹೊತ್ತಿಗೆ ನಮ್ಮ ಟವರಿನ ಹಿಂದೆ ನಿಂತಿದ್ದೆ. ಆಡುವಾಗ ಇದ್ಯಾವುದೂ ನನಗೆ ಗೊತ್ತಾಗಿರಲಿಲ್ಲ.

"ಮೂರು ಜನ ಚಿಕ್ಕಿ, ನಿನಗೋಸ್ಕರ ಕಾದು ಕಾದು ಹೋದ್ರು," ಅಂದ. ವಾರದಲ್ಲಿ ಮೊದಲ ಸಲ ನಕ್ಕ. ಆಮೇಲೆ ರೀಪ್ಲೇ ಹಿಂದಕ್ಕೆ ಎಳೆದ.

"ಇದಕ್ಕೆ ಹತ್ತು ಸೆಕೆಂಡ್ ಮುಂಚೆ ಎಲ್ಲಿ ನೋಡ್ತಿದ್ದೆ?"