ಟೈರಿನ ಮೇಲಿದ್ದ 80

ಮೊದಲ ದಿನವೇ ನಮ್ಮ ಮೋಟರ್‌ಹೋಮ್‌ನ, ಅಂದರೆ ಒಳಗೇ ವಾಸ ಮಾಡುವಂಥ ಗಾಡಿಯ, ಕಪಾಟಿನ ಬಾಗಿಲು ಎರಡು ಸಲ ತಾನಾಗಿ ತೆರೆದುಕೊಂಡಿತು. ಲೋಟ ತಟ್ಟೆಗಳು ದಾರಿಯುದ್ದಕ್ಕೂ ಗಲಗಲ ಅಂದವು. ರಸ್ತೆ ಅಷ್ಟೇನೂ ಕೆಟ್ಟಿರಲಿಲ್ಲ. ಆದರೂ ಸಣ್ಣ ಉಬ್ಬು ಸಿಕ್ಕರೆ ಸಾಕು, ಸ್ಟೇರಿಂಗ್ ಕೈಗೆ ಕುಟ್ಟುತ್ತಿತ್ತು. ಸಂಜೆ ಮಳೆ ಹನಿಯಿತು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಒಂದು ಗೇಣು ಜಾರಿದ ಹಾಗಾಯಿತು. ಎದೆ ಧಸಕ್ಕೆಂದಿತು. ಹೆಂಡತಿ ಏನೂ ಹೇಳಲಿಲ್ಲ, ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಐದು ದಿನದ ಪ್ರವಾಸ ಅದು. ಸಮುದ್ರ ತೀರದಿಂದ ಹೊರಟು, 1500 ಮೀಟರ್ ಎತ್ತರದ ಬೆಟ್ಟ ಹತ್ತಿ, ಮತ್ತೆ ತೀರಕ್ಕೆ ಇಳಿಯುವುದು. ಹೊರಡುವ ಮುಂಚೆ ನಾಲ್ಕೂ ಟೈರಿಗೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿದ್ದೆ. ಯಾಕೆ 80? ಟೈರಿನ ಪಕ್ಕದಲ್ಲಿ ಹಾಗೆ ಅಚ್ಚಾಗಿತ್ತು, ಅಷ್ಟೇ. ಬಾಗಿಲ ಚೌಕಟ್ಟಿನಲ್ಲಿ ಇರಬೇಕಾದ ಗಾಳಿಯ ಸ್ಟಿಕ್ಕರ್ ನಮ್ಮ ಮೋಟರ್‌ಹೋಮ್‌ನಲ್ಲಿ ಪೂರ್ತಿ ಮಾಸಿಹೋಗಿದೆ. ಅದು ಓದುವ ಹಾಗಿದ್ದರೆ, ತೂಕ ಗೊತ್ತಾಗುವವರೆಗೆ ಅದನ್ನೇ ನಂಬುವುದು ಒಳ್ಳೆಯದು. ಟೈರಿನ ಮೇಲಿರುವ ಅಂಕಿಯ ಕಥೆ ಬೇರೆ. ಟೈರು ತಾನು ಹೊರಬಲ್ಲಷ್ಟು ಭಾರವನ್ನೂ ಹೊತ್ತಾಗ ಎಷ್ಟು ಗಾಳಿ ಬೇಕು ಅಂತ ಅದು ಹೇಳುತ್ತದೆ. ನಮ್ಮ ಗಾಡಿ ಅದರ ಮೇಲೆ ಅಷ್ಟು ಭಾರ ಹೇರುತ್ತಿದೆಯಾ ಅಂತ ಟೈರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಎರಡನೇ ದಿನ ದಾರಿಯಲ್ಲಿ ಗಾಡಿ ತೂಗುವ ವೇಬ್ರಿಡ್ಜ್ ಸಿಕ್ಕಿತು. ಗಾಡಿ ತಿರುಗಿಸಿದೆ. ನೂರು ಲೀಟರ್ ನೀರಿನ ಟ್ಯಾಂಕ್ ತುಂಬಿತ್ತು, ಅಂದರೆ ಅದೊಂದೇ 100 ಕೆಜಿ. ಗ್ಯಾಸ್, ಹಾಸಿಗೆ, ಬಟ್ಟೆ, ನಾವಿಬ್ಬರು, ಎಲ್ಲ ಸೇರಿಯೇ ತೂಗಬೇಕು. ಖಾಲಿ ಗಾಡಿಯ ತೂಕ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಮುಂದಿನ ಆಕ್ಸಲ್ (ಎರಡು ಚಕ್ರ ಜೋಡಿಸಿದ ಅಚ್ಚು) 1480 ಕೆಜಿ, ಹಿಂದಿನದು 1940. ಆಮೇಲೆ ಒಂದು ಪಕ್ಕದ ಚಕ್ರ ಮಾತ್ರ ಹತ್ತಿಸಿ ನೋಡಿದೆವು. ಹಿಂದೆ ಎಡಕ್ಕೆ 1010, ಬಲಕ್ಕೆ 930. ನೀರಿನ ಟ್ಯಾಂಕೂ ಫ್ರಿಜ್ಜೂ ಎರಡೂ ಎಡಗಡೆಯೇ ಇವೆ. ಹೀಗೆ ಹೆಚ್ಚು ಕಡಿಮೆ ಇದ್ದಾಗ, ಜಾಸ್ತಿ ಭಾರ ಇರುವ ಚಕ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಆ ಆಕ್ಸಲ್‌ನ ಎರಡೂ ಬದಿಗೆ ತುಂಬಬೇಕು.

ಟೈರ್ ಕಂಪನಿಗಳು ಭಾರಕ್ಕೆ ತಕ್ಕ ಗಾಳಿಯ ಪಟ್ಟಿ ಕೊಡುತ್ತವೆ. ನಮ್ಮದು 225/75 ಆರ್ 16 ಅಳತೆಯ, ಸಿಪಿ ಗುರುತಿನ ಟೈರು. ಮೋಟರ್‌ಹೋಮ್‌ಗಳಿಗೆಂದೇ ಮಾಡಿದ್ದು, ಯಾಕೆಂದರೆ ಇಂಥ ಗಾಡಿ ನಿಂತಿದ್ದಾಗಲೂ ಭಾರ ಹೊತ್ತೇ ಇರುತ್ತದೆ. ಹಿಂದೆ ಪ್ರತಿ ಬದಿಗೆ ಒಂದೇ ಚಕ್ರ ಇದ್ದರೆ ಇದಕ್ಕೆ 5.5 ಬಾರ್, ಅಂದರೆ ಸುಮಾರು 80 ಪಿಎಸ್‌ಐ. ಅಲ್ಲಿಗೆ ಹಿಂದೆ ಸರಿಯಾಗಿಯೇ ಇತ್ತು. ಎಡವಟ್ಟಾಗಿದ್ದು ಮುಂದೆ. ಪಟ್ಟಿ ಹೇಳಿದ್ದಕ್ಕೆ ಸ್ವಲ್ಪ ಸೇರಿಸಿಯೇ ಇಟ್ಟರೂ 55 ಸಾಕಾಗಿತ್ತು. ನಾನು 25 ಜಾಸ್ತಿ ಹೊಡೆಸಿದ್ದೆ. ಹಾಗಾದಾಗ ಟೈರು ನಡುವೆ ಉಬ್ಬಿಕೊಂಡು, ಅಂಚುಗಳು ರಸ್ತೆಗೆ ಸರಿಯಾಗಿ ಕೂರುವುದಿಲ್ಲ. ಹಿಂದಿನ ಸಂಜೆಯ ಆ ಗೇಣು ಜಾರಿಕೆ ನೆನಪಾಯಿತು.

ಆದರೆ ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ನೆರಳಲ್ಲಿ ನಿಲ್ಲಿಸಿ ಮೂರು ಗಂಟೆ ಕಾದೆವು. ಆಮೇಲೆ ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದು, ಸುಸ್ ಅಂತ ಸ್ವಲ್ಪ ಬಿಡುವುದು, ಗೇಜ್ ಒತ್ತುವುದು, ಮತ್ತೆ ಬಿಡುವುದು. ಹೆಂಡತಿ ಪಕ್ಕದಲ್ಲೇ ಕೂತು ಪುಸ್ತಕದಲ್ಲಿ ಬರೆದುಕೊಂಡಳು. ಮುಂದೆ 55, ಹಿಂದೆ 80, ಹೊರಗೆ 28 ಡಿಗ್ರಿ. ಅಲ್ಲಿಂದ ಹೊರಟ ಮೇಲೆ ಬೇರೆ ಗಾಡಿ ಹತ್ತಿ ಕೂತ ಹಾಗಿತ್ತು. ಲೋಟಗಳು ಸುಮ್ಮನಾದವು.

ಎರಡು ಗಂಟೆ ಓಡಿಸಿರಬೇಕು.

“ರೀ, ಹಿಂದಿನ ಟೈರು ಗೇಜ್‌ನಲ್ಲಿ ತೊಂಬತ್ತು ತೋರಿಸ್ತಿದೆ. ಸ್ವಲ್ಪ ಗಾಳಿ ಬಿಡೋಣ್ವಾ?”

“ಬೇಡ. ಅದು ಓಡಿದ ಬಿಸಿ, ಹಾಗೇ ಇರ್ಲಿ.”

ಟೈರು ಓಡುತ್ತಾ ಬಿಸಿಯಾಗಿ ಹೀಗೆ ಏರುವುದು ಸಹಜ. ತಣ್ಣನೆ ಟೈರಿಗೆ ಇಷ್ಟು ಅಂತ ಹೇಳುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಅಲ್ಲೇ 80ಕ್ಕೆ ಇಳಿಸಿದ್ದರೆ, ಟೈರು ತಣ್ಣಗಾದ ಮೇಲೆ 71ರ ಆಸುಪಾಸಿಗೆ ಬಂದು ನಿಲ್ಲುತ್ತಿತ್ತು. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಬಳುಕುತ್ತವೆ. ಬಳುಕಿದಷ್ಟೂ ಬಿಸಿ, ಬಿಸಿಯಾದಷ್ಟೂ ಒಳಗಿನ ಪದರ ಸಡಿಲ. ಓಡುತ್ತಿರುವಾಗಲೇ ಟೈರು ಸಿಡಿಯುವುದಕ್ಕೆ ದೊಡ್ಡ ಕಾರಣ ಇದು. ನನ್ನನ್ನು ಕೇಳಿದರೆ, ಜಾಸ್ತಿ ಗಾಳಿಗಿಂತ ಕಡಿಮೆ ಗಾಳಿಗೇ ಹೆಚ್ಚು ಹೆದರಬೇಕು.

ಬೆಟ್ಟದ ಮೇಲೆ ಎರಡು ರಾತ್ರಿ ಕಳೆದೆವು. ಮಂಜು, ಕಿಟಕಿ ಗಾಜಿನ ಮೇಲೆ ನೀರ ಹನಿ, ಬೆಳಿಗ್ಗೆ 8 ಡಿಗ್ರಿ. ಬೆರಳು ಮರಗಟ್ಟಿದ್ದರೂ ಕೆಳಗಿಳಿದು ಹಿಂದಿನ ಟೈರಿಗೆ ಗೇಜ್ ಒತ್ತಿದೆ. 76. ಪಂಕ್ಚರ್ ಏನೂ ಅಲ್ಲ. 28ರಿಂದ 8ಕ್ಕೆ, 20 ಡಿಗ್ರಿ ಇಳಿದ ಚಳಿ ಆರು ಪಿಎಸ್‌ಐ ಇಳಿಸಿತ್ತು. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಅದರಿಂದ ಗೇಜ್‌ನಲ್ಲಿ ಎರಡೂವರೆಯಷ್ಟು ವಾಪಸ್ ಬಂದಿತ್ತು. ಹನ್ನೆರಡು ವೋಲ್ಟಿನ ಪುಟ್ಟ ಕಂಪ್ರೆಸರ್ ಹಚ್ಚಿ ಮತ್ತೆ 80 ಮಾಡಿದೆ. ಆ ಚಳಿಯಲ್ಲಿ ಅದರ ಗರ್ ಗರ್ ಸದ್ದು ಕಣಿವೆಗೆಲ್ಲ ಕೇಳಿಸಿರಬೇಕು!

ಇಳಿಯುವಾಗ ಬೆಟ್ಟದ ತಿರುವುಗಳಲ್ಲಿ ಗಾಡಿ ಹೇಳಿದ ಮಾತು ಕೇಳಿತು. ತೀರದಲ್ಲಿ ಕೊನೆಯ ರಾತ್ರಿ ತಂಗಿದೆವು. ಬೆಳಿಗ್ಗೆ ಗೇಜ್ ಇಟ್ಟರೆ 84. ಬೆಟ್ಟದ ಚಳಿಯಲ್ಲಿ ತುಂಬಿದ್ದು ತೀರದ ಸೆಕೆಗೆ ಏರಿತ್ತು. ಟೈರು ತಣ್ಣಗಿತ್ತು, ಹಾಗಾಗಿ ಈ ಸಲ ನಾಲ್ಕನ್ನು ಬಿಡುವುದರಲ್ಲಿ ತಪ್ಪಿರಲಿಲ್ಲ. ಹೆಂಡತಿ ಅದನ್ನೂ ಬರೆದುಕೊಂಡಳು.

ಮುಂದಿನ ಸಲ ಹಿಂದುಗಡೆ ಎರಡು ಸೈಕಲ್ ಕಟ್ಟಿಕೊಂಡು ಹೋಗೋಣ ಅಂತ ಅವಳ ಆಸೆ. ಸೈಕಲ್ ಮತ್ತು ಸ್ಟ್ಯಾಂಡ್ ಸೇರಿ 40 ಕೆಜಿ. ಆದರೆ ಅದು ಆಕ್ಸಲ್‌ಗಿಂತ ಹಿಂದೆ ತೂಗಾಡುವ ಭಾರ. ಮುಂದಿನ ಚಕ್ರದಿಂದ ಸ್ವಲ್ಪ ಎತ್ತಿ ಹಿಂದಿನ ಚಕ್ರದ ಮೇಲೆ 40ಕ್ಕಿಂತ ಜಾಸ್ತಿಯೇ ಹಾಕುತ್ತದೆ. ನಮ್ಮ ಹಿಂದಿನ ಆಕ್ಸಲ್ ಮಿತಿ 2000 ಕೆಜಿ, ಈಗಲೇ 1940 ಇದೆ. ಸೈಕಲ್ ಬೇಕಿದ್ದರೆ ಟ್ಯಾಂಕಿನ ನೀರು ಅರ್ಧಕ್ಕೆ ಇಳಿಸಬೇಕು. ಅವಳು ಒಪ್ಪಿದ್ದಾಳೆ. ಸ್ಟ್ಯಾಂಡ್ ಹಾಕಿಸಿದ ದಿನವೇ ಇನ್ನೊಮ್ಮೆ ವೇಬ್ರಿಡ್ಜ್ ಹತ್ತಿಸುತ್ತೇವೆ.